ಗೊಬ್ಬರ ಹಾಕಿದರೆ ಗುರುತೇ ಸಿಗದ ಹೂವು

ವಿಷ್ಣುಕ್ರಾಂತಿಯನ್ನು ಕುಂಡದಲ್ಲಿ ಬೆಳೆಸಬೇಕು ಅಂದ್ರೆ ಮೊದಲು ಒಳ್ಳೆ ಮಣ್ಣನ್ನು ಕೆಡಿಸಬೇಕು. ಕೋಕೋಪೀಟ್, ಎರೆಹುಳು ಗೊಬ್ಬರ, ನರ್ಸರಿಯವರು ಚೀಲದಲ್ಲಿ ತುಂಬಿಕೊಡುವ ಆ ಕಪ್ಪು ಮೆತ್ತನೆ ಮಿಶ್ರಣ, ಇದ್ಯಾವುದೂ ಅದಕ್ಕೆ ಬೇಡ. ಗರಸು ಬೇಕು, ಸ್ವಲ್ಪ ಮಸಾರಿ ಮಣ್ಣು ಬೇಕು, ಬೆಳಗಿಂದ ಸಂಜೆವರೆಗೆ ಬಿಸಿಲು ಬೇಕು. ಚಿತ್ರದುರ್ಗದಲ್ಲಿ ಇವು ಮೂರಕ್ಕೂ ಕಾಸು ಕೊಡಬೇಕಾಗಿಲ್ಲ.

ನಮ್ಮ ತಾರಸಿ ಮೇಲೆ ಸಾಲಾಗಿಟ್ಟ ಕುಂಡಗಳನ್ನು ನೋಡಿ ಪಕ್ಕದ ಮನೆಯವರು ಕೇಳಿದ್ದರು. "ಇದ್ಯಾಕೆ ಕುಂಡ್ದಾಗೆ ಹಾಕೀರಾ? ನಮ್ಮ ಹೊಲದ ಬದಿನಾಗೆ ಕಿತ್ತರೂ ಹೋಗಲ್ಲ ಇದು." ನಿಜವೇ. ಕಿತ್ತರೂ ಹೋಗದ ಗಿಡವನ್ನು ತಂದು ಸಾಕುವುದು ಸ್ವಲ್ಪ ಹುಚ್ಚೇ. ಆದರೆ ನಾನು ಇದನ್ನು ಚಂದಕ್ಕೆ ಅಂತ ಬೆಳೆಸುತ್ತಿಲ್ಲ. ಗಿಡ ಗುರುತು ಹಿಡಿಯೋದು ಕಲಿಯಬೇಕು ಅಂದ್ರೆ ಬೆಳೆಸಿಯೇ ನೋಡಬೇಕು ಅನ್ನೋದು ನನ್ನ ವಾದ. ಫೋಟೋ ನೋಡಿ ಹೆಸರು ಹೇಳಿಬಿಡಬಹುದು. ಅದರಲ್ಲಿ ಕಾಣುವ ಯಾವ ಗುಣ ಗಿಡದ್ದು, ಯಾವುದು ಅದು ನಿಂತ ನೆಲದ್ದು ಅನ್ನೋದನ್ನು ಮಾತ್ರ ಫೋಟೋ ಹೇಳುವುದಿಲ್ಲ.

ಗೊತ್ತಿಲ್ಲದವರಿಗೆ ಒಂದು ಪರಿಚಯ. ನೆಲಕ್ಕೆ ಅಂಟಿಕೊಂಡು ಹರಡುವ ಪುಟ್ಟ ಗಿಡ. ಬುಡದಲ್ಲಿ ಕಟ್ಟಿಗೆಯಷ್ಟು ಗಟ್ಟಿ ಬೇರು, ಅಲ್ಲಿಂದ ಸುತ್ತಲೂ ಹೊರಟ ತೆಳ್ಳನೆ ಕಡ್ಡಿಗಳು, ತೊಟ್ಟು ಇದೆಯೋ ಇಲ್ಲವೋ ಅನ್ನುವ ಹಾಗೆ ಕೂತ ಸಣ್ಣ ಎಲೆಗಳು. ಮೈ ತುಂಬ ನುಣುಪು ರೋಮ. ಎಲೆಯ ಕಂಕುಳಿಂದ ಸಪೂರವಾದ ಒಂದು ತೊಟ್ಟು ಎದ್ದು ಅದರ ತುದಿಗೆ ನೀಲಿ ಹೂ. ಹೂವಿನ ಅಗಲ ಒಂದು ಸೆಂಟಿಮೀಟರ್ ದಾಟುವುದು ಅಪರೂಪ. ಸಸ್ಯಶಾಸ್ತ್ರದವರು ಇವಾಲ್ವುಲಸ್ ಆಲ್ಸಿನಾಯ್ಡಿಸ್ ಅನ್ನುತ್ತಾರೆ. ಲಿನ್ನೇಯಸ್ 1753ರಲ್ಲಿ ಇದನ್ನು ಕಾನ್ವಾಲ್ವುಲಸ್ ಕುಲದಲ್ಲಿ ಇಟ್ಟಿದ್ದ, 1762ರಲ್ಲಿ ತಾನೇ ಅಲ್ಲಿಂದ ತೆಗೆದು ಇವಾಲ್ವುಲಸ್‌ಗೆ ಸೇರಿಸಿದ. ಸಿಹಿಗೆಣಸು, ಮಾರ್ನಿಂಗ್ ಗ್ಲೋರಿ ಎಲ್ಲ ಇದರ ಕುಟುಂಬದವೇ, ಆದರೆ ಅವುಗಳ ಹಾಗೆ ಇದು ಯಾವುದಕ್ಕೂ ಸುತ್ತಿಕೊಂಡು ಹತ್ತುವುದಿಲ್ಲ. ಈ ಕುಲದಲ್ಲಿ ಸುಮಾರು 100 ಜಾತಿಗಳಿವೆ, ಹೆಚ್ಚುಕಮ್ಮಿ ಎಲ್ಲವೂ ಅಮೆರಿಕದ ಕಡೆಯವು. ಆದರೆ ವಿಷ್ಣುಕ್ರಾಂತಿ ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾ ಅಂತ ಬಿಸಿ ಸೀಮೆಗಳಲ್ಲೆಲ್ಲ ಹರಡಿಕೊಂಡಿದೆ.

ದುರ್ಗದ ಸುತ್ತ ಇದನ್ನು ಹುಡುಕಬೇಕಾಗಿಲ್ಲ, ಬಗ್ಗಿದರೆ ಸಾಕು. ಜೋಗಿಮಟ್ಟಿ ರಸ್ತೆಯ ಅಂಚು, ಚಂದ್ರವಳ್ಳಿ ಕಡೆಯ ಬಂಡೆ ಸಂದು, ಹೊಲದ ಬದು, ಚಳ್ಳಕೆರೆ ಕಡೆಯ ಅಮೃತ್ ಮಹಲ್ ಕಾವಲಿನ ಗಿಡ್ಡ ಹುಲ್ಲು, ಎಲ್ಲ ಕಡೆ ಇದೆ. ಕುರಿ ಮೇಯ್ದ ಜಾಗದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಎತ್ತರದ ಹುಲ್ಲನ್ನೆಲ್ಲ ಕುರಿಗಳು ಕತ್ತರಿಸಿಟ್ಟಿರುತ್ತವೆ, ಇದು ನೆಲಕ್ಕೆ ಮಲಗಿ ಬಚಾವಾಗಿರುತ್ತದೆ. ಮುಂಗಾರಿನ ಮೋಡ ಮಲೆನಾಡಿನಲ್ಲಿ ಸುರಿದು ಮುಗಿಸಿ ನಮ್ಮ ತಲೆ ಮೇಲೆ ಸುಮ್ನೆ ಓಡಿ ಹೋಗುತ್ತದೆ ಅಲ್ವಾ, ನಮಗೆ ಮಳೆ ಅಂದ್ರೆ ಉತ್ತರೆ, ಹಸ್ತ, ಚಿತ್ತೆ. ಆ ಹೊತ್ತಿಗೆ ಹೂ ಜಾಸ್ತಿ. ನೋಡಬೇಕಾದರೆ ಬೆಳಗ್ಗೆಯೇ ಹೋಗಬೇಕು. ಒಂದು ಹೂವಿಗೆ ಒಂದೇ ದಿನದ ಆಯಸ್ಸು, ಅದರಲ್ಲೂ ಮಧ್ಯಾಹ್ನದ ಹೊತ್ತಿಗೆ ಮುದುಡಿಕೊಳ್ಳುತ್ತದೆ. ಊಟ ಮುಗಿಸಿ ಆರಾಮಾಗಿ ಕೋಟೆ ಹತ್ತುವವರಿಗೆ ಕಾಣುವುದು ಬರೀ ಹಸಿರು ಕಡ್ಡಿ.

ಹೆಸರಿನ ವಿಷಯಕ್ಕೆ ಬಂದರೆ ತಲೆನೋವು ಶುರು. ನರ್ಸರಿಗೆ ಹೋಗಿ ವಿಷ್ಣುಕ್ರಾಂತಿ ಕೊಡಿ ಅಂದರೆ ಎಷ್ಟೋ ಕಡೆ ಬ್ಲೂ ಡೇಜ್ ಕೈಗಿಡುತ್ತಾರೆ. ಅದು ಇವಾಲ್ವುಲಸ್ ಗ್ಲಾಮರೇಟಸ್, ಬ್ರೆಜಿಲ್ ಕಡೆಯದು. ಹೂ ಇದರ ಎರಡರಷ್ಟು ದೊಡ್ಡದು, ಎಲೆಯೂ ದೊಡ್ಡದು, ಕಡ್ಡಿ ನೆಟ್ಟರೆ ಬರುತ್ತದೆ, ವರ್ಷವಿಡೀ ಹೂ ಬಿಡುತ್ತದೆ. ಒಳ್ಳೆ ಗಿಡ, ನನಗೇನೂ ಅದರ ಮೇಲೆ ಸಿಟ್ಟಿಲ್ಲ. ಪೂಜೆಗೆ ಅಂತ ತಗೊಂಡು ಹೋಗುವವರು ದಕ್ಷಿಣ ಅಮೆರಿಕದ ಹೂವನ್ನು ಏರಿಸುತ್ತಿದ್ದಾರೆ ಅಷ್ಟೇ, ದೇವರು ಪಾಸ್‌ಪೋರ್ಟ್ ಕೇಳುವುದಿಲ್ಲ.

ಔಷಧಿ ಅಂಗಡಿಯಲ್ಲಿ ಗೊಂದಲ ಇನ್ನೂ ದೊಡ್ಡದು. ಶಂಖಪುಷ್ಪಿ ಅನ್ನುವ ಒಂದೇ ಹೆಸರಿನ ಹಿಂದೆ ಬೇರೆ ಬೇರೆ ಗಿಡಗಳಿವೆ. ಆಯುರ್ವೇದದ ಅಧಿಕೃತ ಪಟ್ಟಿ ಹೇಳುವುದು ಕಾನ್ವಾಲ್ವುಲಸ್ ಪ್ಲುರಿಕಾಲಿಸ್, ರಾಜಸ್ಥಾನ, ಗುಜರಾತ್ ಕಡೆ ಜಾಸ್ತಿ ಸಿಗುವ ಬಿಳಿ ಅಥವಾ ನಸುಗೆಂಪು ಹೂವಿನ ಗಿಡ. ಕೇರಳದಲ್ಲಿ ಶಂಖಪುಷ್ಪಿ ಅಂದರೆ ಬೇಲಿಗೆ ಹಬ್ಬುವ ನೀಲಿ ಹೂವಿನ ಬಳ್ಳಿ, ನಾವು ಶಂಖಪುಷ್ಪ ಅನ್ನುವುದೂ ಅದನ್ನೇ. ಅದು ಅವರೆ, ತೊಗರಿಯ ಕುಟುಂಬದ್ದು, ನಮ್ಮ ಈ ಗಿಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇವೆರಡರ ಜೊತೆಗೆ ನಮ್ಮ ವಿಷ್ಣುಕ್ರಾಂತಿಯನ್ನೂ ಎಷ್ಟೋ ಕಡೆ ಶಂಖಪುಷ್ಪಿ ಅಂತಲೇ ಮಾರುತ್ತಾರೆ. ನೆನಪಿನ ಶಕ್ತಿಗೆ ಅಂತ ವಾಟ್ಸಾಪಿನಲ್ಲಿ ಬರುವ ಕಷಾಯದ ಸಂದೇಶಗಳಲ್ಲಿ ಒಂದು ಗಿಡದ ಹೆಸರು, ಇನ್ನೊಂದರ ಫೋಟೋ, ಮೂರನೆಯದರ ಗುಣಗಾನ ಇರುತ್ತದೆ. ಕಾಸಿ ಕುಡಿಯುವ ಮುಂಚೆ ಯಾವ ಗಿಡ ಅಂತ ಗೊತ್ತಿರಬೇಕು ಅನ್ನೋದು ಅಷ್ಟು ದೊಡ್ಡ ಬೇಡಿಕೆಯಾ? ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ 17ನೇ ಶತಮಾನದ ಕೊನೆಯಲ್ಲಿ ಮಲಬಾರಿನ ಗಿಡಗಳ ಸಂಪುಟಗಳನ್ನು ಅಚ್ಚು ಹಾಕಿಸಿದಾಗ ಇದನ್ನು ವಿಷ್ಣುಕ್ರಾಂತಿ ಅನ್ನುವ ಹೆಸರಿನಲ್ಲೇ, ಚಿತ್ರದ ಸಮೇತ ಸೇರಿಸಿದ್ದ. ಆ ಚಿತ್ರ ಇವತ್ತಿನ ಎಷ್ಟೋ ಫಾರ್ವರ್ಡುಗಳಿಗಿಂತ ವಾಸಿ.

ಈಗ ಎಲ್ಲರ ಕೈಯಲ್ಲೂ ಆ್ಯಪ್ ಇದೆ. ನಾನೂ ಐನ್ಯಾಚುರಲಿಸ್ಟ್ ಬಳಸುತ್ತೇನೆ. ಫೋಟೋ ಹಾಕಿದರೆ ಕಂಪ್ಯೂಟರ್ ಹೆಸರು ಸೂಚಿಸುತ್ತದೆ, ಆಮೇಲೆ ಮನುಷ್ಯರು ಬಂದು ಒಪ್ಪುತ್ತಾರೆ ಅಥವಾ ತಕರಾರು ಮಾಡುತ್ತಾರೆ. ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಪ್ಪಿದರೆ ಅದಕ್ಕೆ ರಿಸರ್ಚ್ ಗ್ರೇಡ್ ಅನ್ನುವ ಮುದ್ರೆ. ಒಳ್ಳೆ ವ್ಯವಸ್ಥೆ. ತೊಂದರೆ ಇರುವುದು ನಾವು ಹಾಕುವ ಫೋಟೋದಲ್ಲಿ. ಎಲ್ಲರೂ ಮೇಲಿಂದ ಹೂವಿನ ಮುಖವನ್ನಷ್ಟೇ ತೆಗೆಯುತ್ತಾರೆ. ಮುಖ ಚಂದ ಇರುತ್ತದೆ, ಗುರುತಿಗೆ ಬೇಕಾದ ಅರ್ಧ ವಿಷಯ ಅದರಲ್ಲಿ ಇರುವುದಿಲ್ಲ.

ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಮಸೂರ ಒಂದಿದ್ದರೆ ಸಾಕು. ಬೆಳಗ್ಗೆ ಬಿಸಿಲು ಏರುವ ಮುಂಚೆ ಕುಂಡದ ಪಕ್ಕ ಕೂತು ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು ಹೂವನ್ನು ಹತ್ತಿರ ತನ್ನಿ. ಮೊದಲು ಕಾಣುವುದು ನೀಲಿ ಎಲ್ಲ ಕಡೆ ಒಂದೇ ಥರ ಇಲ್ಲ ಅನ್ನೋದು. ನಡುವೆ ಬೆಳ್ಳಗೆ ಒಂದು ವೃತ್ತ, ಅಲ್ಲಿಂದ ಅಂಚಿನ ಕಡೆಗೆ ಹೊರಟ ತಿಳಿ ಬಣ್ಣದ ಐದು ಪಟ್ಟಿ. ಐದು ಎಸಳು ಅನ್ನಿಸುತ್ತದೆ, ಆದರೆ ಎಸಳುಗಳು ಬಿಡಿಬಿಡಿಯಾಗಿಲ್ಲ, ಒಂದೇ ತಟ್ಟೆ. ಹೂವನ್ನು ತಿರುಗಿಸಿ ಬೆನ್ನು ನೋಡಿದರೆ ಅದೇ ಐದು ಪಟ್ಟಿಗಳ ಮೇಲೆ ಮಾತ್ರ ರೋಮ, ನಡುವಿನ ಜಾಗ ನುಣ್ಣಗೆ. ಮೊಗ್ಗಿನಲ್ಲಿ ಮಡಚಿಕೊಂಡಿದ್ದಾಗ ಹೊರಗೆ ಇದ್ದದ್ದು ಆ ಪಟ್ಟಿಗಳೇ, ಅದಕ್ಕೇ ಅವಕ್ಕೆ ಮಾತ್ರ ಹೊದಿಕೆ. ಐದು ಕೇಸರ, ಬಿಳಿ ತಲೆ. ಅವುಗಳ ನಡುವೆ ನೋಡಬೇಕಾದ ಮುಖ್ಯ ವಿಷಯ ಇದೆ. ಹೆಣ್ಣು ಭಾಗದಿಂದ ಎರಡು ಬಿಳಿ ಎಳೆಗಳು ಏಳುತ್ತವೆ, ಒಂದೊಂದೂ ಮೇಲೆ ಹೋಗಿ ಮತ್ತೆ ಎರಡಾಗಿ ಸೀಳುತ್ತದೆ. ಒಟ್ಟು ನಾಲ್ಕು ತುದಿ. ಕಾನ್ವಾಲ್ವುಲಸ್‌ನಲ್ಲಿ ಏಳುವುದು ಒಂದೇ ಎಳೆ, ತುದಿ ಎರಡು. ಲಿನ್ನೇಯಸ್ ಮಾಡಿದ ವರ್ಗಾವಣೆ ನಿಂತಿರುವುದು ಇಂಥ ವ್ಯತ್ಯಾಸದ ಮೇಲೆ. ಔಷಧಿ ಅಂಗಡಿಯ ಜಗಳವನ್ನೂ ಇದೇ ಬಗೆಹರಿಸುತ್ತದೆ, ಆದರೆ ಅಲ್ಲಿ ಸಿಗುವುದು ಒಣಗಿಸಿ ಪುಡಿ ಮಾಡಿದ ಗಿಡ, ಎಳೆ ಎಣಿಸುವುದು ಎಲ್ಲಿಂದ?

ಬಂಡೆ ಮೇಲೆ ನೀಲಿ ಕಂಡಿದ್ದೆಲ್ಲ ವಿಷ್ಣುಕ್ರಾಂತಿಯಲ್ಲ. ಅದೇ ಸಂದುಗಳಲ್ಲಿ ಸಯನೋಟಿಸ್ ಬೆಳೆಯುತ್ತದೆ. ಅದಕ್ಕೆ ಮೂರು ಎಸಳು, ಆರು ಕೇಸರ, ಕೇಸರದ ಕಾಲಿಗೆಲ್ಲ ನೀಲಿ ಕೂದಲ ಕುಚ್ಚು, ಎಲೆ ದಪ್ಪ. ಒಂದು ಸಲ ಮಸೂರದಲ್ಲಿ ನೋಡಿದವರು ಮತ್ತೆ ಮರೆಯುವುದಿಲ್ಲ. ಕೊಮೆಲಿನಾದಲ್ಲಿ ಎರಡು ದೊಡ್ಡ ಎಸಳು ಮೇಲೆ, ಒಂದು ಸಣ್ಣದು ಕೆಳಗೆ, ಹೂ ಹೊರಡುವುದು ದೋಣಿ ಆಕಾರದ ಒಂದು ಎಲೆಯೊಳಗಿಂದ. ಊರೊಳಗಿನ ಲಾನ್‌ಗಳಲ್ಲಿ ಗುಂಡಗಿನ ಎಲೆಯ ಇನ್ನೊಂದು ಇವಾಲ್ವುಲಸ್ ಸಿಗುತ್ತದೆ, ನುಮ್ಮುಲೇರಿಯಸ್. ಅದರ ಹೂ ಬಿಳಿ, ಕಡ್ಡಿ ನೆಲ ಮುಟ್ಟಿದ ಗೆಣ್ಣಿನಲ್ಲೆಲ್ಲ ಬೇರು ಬಿಡುತ್ತದೆ. ವಿಷ್ಣುಕ್ರಾಂತಿ ಹಾಗೆ ಬೇರು ಬಿಡುವುದಿಲ್ಲ, ಎಷ್ಟೇ ಹರಡಿದರೂ ಕಡ್ಡಿಗಳನ್ನೆಲ್ಲ ಎತ್ತಿದರೆ ಒಂದೇ ಬುಡಕ್ಕೆ ಬಂದು ಸೇರುತ್ತವೆ. ನನಗೆ ಇದು ಹೂವಿಗಿಂತ ಒಳ್ಳೆ ಗುರುತು, ಯಾಕೆಂದರೆ ಮಧ್ಯಾಹ್ನವೂ ಸಿಗುತ್ತದೆ.

ಇನ್ನು ಬೆಳೆಸುವ ವಿಷಯ. ದುರ್ಗದವರಿಗೆ ಬಂಡೆ ಮೇಲೆ ಬಿದ್ದ ಮಳೆ ಏನಾಗುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ. ನಮ್ಮ ಬಂಡೆಗಳ ವಯಸ್ಸು 250 ಕೋಟಿ ವರ್ಷ ದಾಟಿದೆ, ಇಷ್ಟು ಕಾಲವಾದರೂ ನೀರು ಕುಡಿಯೋದು ಕಲಿತಿಲ್ಲ. ಬಿದ್ದದ್ದೆಲ್ಲ ಜಾರುತ್ತದೆ. ಪಾಳೆಗಾರರ ಕಾಲದಲ್ಲಿ ಆ ಜಾರಿದ ನೀರನ್ನೇ ಹಿಡಿದು ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಕೆಳಗೆ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡ ಅಂತ ಒಂದರಿಂದ ಒಂದಕ್ಕೆ ಇಳಿಸಿದರು. ಮನುಷ್ಯರು ಹಿಡಿದಿಟ್ಟಿದ್ದು ಜಾರಿ ಹೋದ ನೀರು, ವಿಷ್ಣುಕ್ರಾಂತಿ ಬದುಕುವುದು ಜಾರದೆ ಸಂದಿನಲ್ಲಿ ಉಳಿದ ಚೂರಿನಲ್ಲಿ. ಅದಕ್ಕೇ ಆ ಉದ್ದನೆ ಬೇರು. ಹಾಗಾಗಿ ಕುಂಡ ಅಗಲ ಇರಬೇಕಾಗಿಲ್ಲ, ಒಂದು ಅಡಿಯಾದರೂ ಆಳ ಇರಬೇಕು. ಪ್ಲಾಸ್ಟಿಕ್ಕಿಗಿಂತ ಸುಟ್ಟ ಮಣ್ಣಿನದು ವಾಸಿ, ಪಕ್ಕದಿಂದಲೂ ಆರುತ್ತದೆ. ತಳಕ್ಕೆ ಜಲ್ಲಿ, ಮೇಲೆ ಎರಡು ಪಾಲು ಗರಸಿಗೆ ಒಂದು ಪಾಲು ಮಸಾರಿ. ನೀರು ಹಾಕಿದ ಕೂಡಲೇ ಕೆಳಗಿನ ತೂತಿನಿಂದ ಬರಬೇಕು. ನಿಂತರೆ ಬೇರು ಕೊಳೆಯುತ್ತದೆ.

ಗಿಡ ಕಿತ್ತು ತಂದು ನೆಡುವುದು ದಂಡ. ಬೇರು ತುಂಡಾಗದೆ ಬರುವುದಿಲ್ಲ, ಬಂದರೂ ಬದುಕುವುದು ಕಷ್ಟ. ಅದೂ ಅಲ್ಲದೆ ಜೋಗಿಮಟ್ಟಿ ಈಗ ವನ್ಯಧಾಮ, ಅಲ್ಲಿಂದ ಅನುಮತಿ ಇಲ್ಲದೆ ಹುಲ್ಲುಕಡ್ಡಿ ತೆಗೆದರೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು. ಕೋಟೆ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಪರಿಚಯದವರ ಹೊಲದ ಬದುವಿನಲ್ಲಿ ಕೇಳಿ ತೆಗೆದುಕೊಳ್ಳುವುದೇ ಸರಿ, ಯಾರೂ ಇಲ್ಲ ಅನ್ನುವುದಿಲ್ಲ, ನಗುತ್ತಾರೆ ಅಷ್ಟೇ.

ಬೀಜ ಹಿಡಿಯೋದಕ್ಕೂ ಸ್ವಲ್ಪ ಕಣ್ಣು ಬೇಕು. ಹೂ ಉದುರಿದ ಮೇಲೆ ತೊಟ್ಟು ನಿಧಾನಕ್ಕೆ ಕೆಳಗೆ ಬಾಗುತ್ತದೆ, ಅದರ ತುದಿಗೆ ಪುಟ್ಟ ಗುಂಡು ಕಾಯಿ. ಹಸಿರು ಹೋಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಬಲಿತಿದೆ ಅಂತ ಲೆಕ್ಕ. ಕಾಯಿ ನಾಲ್ಕು ಹೋಳಾಗಿ ಒಡೆಯುತ್ತದೆ. ಒಳಗೆ ಜಾಸ್ತಿ ಅಂದ್ರೆ ನಾಲ್ಕು ಬೀಜ, ಎಳ್ಳಿಗಿಂತ ಸಣ್ಣವು, ಕಪ್ಪು, ನುಣ್ಣಗೆ. ಒಂದು ದಿನ ತಡ ಮಾಡಿದರೆ ಖಾಲಿ ಹೋಳುಗಳು ಮಾತ್ರ ಸಿಗುತ್ತವೆ.

ಈ ಬೀಜವನ್ನು ಸುಮ್ನೆ ಮಣ್ಣಿಗೆ ಹಾಕಿ ನೀರು ಹಾಕಿದರೆ ಹೆಚ್ಚಿನವು ಮೊಳೆಯುವುದಿಲ್ಲ. ಕೆಟ್ಟಿರುವುದಲ್ಲ, ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಈ ಕುಟುಂಬದ ಬಹಳ ಗಿಡಗಳಲ್ಲಿ ಇದು ಮಾಮೂಲು. ಕಾಡಿನಲ್ಲಿ ಬಿಸಿಲಿಗೆ ಕಾದು, ಮಳೆಗೆ ನೆಂದು, ಮತ್ತೆ ಕಾದು ಸಿಪ್ಪೆಯ ಒಂದು ಕಡೆ ಸಡಿಲವಾಗಬೇಕು. ಮನೆಯಲ್ಲಿ ಎರಡು ಉಪ್ಪು ಕಾಗದದ ನಡುವೆ ಇಟ್ಟು ಮೆಲ್ಲಗೆ ಉಜ್ಜಿ ರಾತ್ರಿ ನೆನೆಹಾಕಿ. ಬೆಳಗ್ಗೆ ಉಬ್ಬಿದವನ್ನು ಆರಿಸಿ ಬಿತ್ತಿ, ಉಬ್ಬದವನ್ನು ಮತ್ತೆ ಉಜ್ಜಿ. ಎಲ್ಲ ಬೀಜವೂ ಮೊದಲ ಮಳೆಯನ್ನು ನಂಬಿ ಒಟ್ಟಿಗೆ ಮೊಳೆತುಬಿಟ್ಟರೆ ಈ ಸೀಮೆಯಲ್ಲಿ ಗತಿಯೇನು ಹೇಳಿ? ಒಂದು ಹದ ಮಳೆ ಬಂದು ಬಿತ್ತನೆ ಮಾಡಿಸಿ, ಆಮೇಲೆ ವಾರಗಟ್ಟಲೆ ಆಕಾಶ ನೋಡ್ತಾ ಕೂರಿಸುವುದು ಚಳ್ಳಕೆರೆಯ ಶೇಂಗಾ ರೈತರಿಗೆ ಹೊಸದೇನಲ್ಲ. ರೈತ ಒಂದೇ ಸಲ ಬಿತ್ತಬೇಕು. ಈ ಗಿಡ ಒಂದು ಕಾಯಿಯ ಬೀಜಗಳನ್ನೇ ಬೇರೆ ಬೇರೆ ವರ್ಷಕ್ಕೆ ಹಂಚಿ ಇಟ್ಟುಕೊಳ್ಳುತ್ತದೆ.

ಈಗ ನಿಜವಾದ ಮಾತಿಗೆ ಬರುತ್ತೇನೆ. ಒಂದೇ ಗಿಡದ ಬೀಜಗಳನ್ನು ಎರಡು ಪಾಲು ಮಾಡಿ ಬಿತ್ತಿದೆ. ಒಂದು ಪಾಲಿಗೆ ಗರಸು, ತಾರಸಿಯ ಸುಡು ಬಿಸಿಲು, ಎಲೆ ಸ್ವಲ್ಪ ಬಾಡಿದಾಗ ಮಾತ್ರ ನೀರು. ಇನ್ನೊಂದು ಪಾಲಿಗೆ ನರ್ಸರಿಯ ಕಪ್ಪು ಮಿಶ್ರಣ, ನೀರಿನ ಟ್ಯಾಂಕಿನ ನೆರಳು, ದಿನಾ ನೀರು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನನ್ನು ಹೊಲಕ್ಕೂ ಒಬ್ಬನನ್ನು ಬೆಂಗಳೂರಿನ ಎಸಿ ಆಫೀಸಿಗೂ ಕಳಿಸಿದ ಹಾಗೆ.

ಗರಸಿನ ಗಿಡ ಬಂಡೆ ಮೇಲಿನ ಗಿಡದ ಹಾಗೇ ಬಂತು. ನೆಲಕ್ಕೆ ಮಲಗಿದ ಗಿಡ್ಡ ಕಡ್ಡಿ, ಗೆಣ್ಣುಗಳು ಹತ್ತಿರ ಹತ್ತಿರ, ಎಲೆ ಕಿರಿದು, ರೋಮ ದಟ್ಟವಾಗಿ ಎಲೆಯೇ ಬೂದು ಬಣ್ಣಕ್ಕೆ ತಿರುಗಿತ್ತು. ಹೂ ಮಾತ್ರ ದಂಡಿಯಾಗಿ. ಕಪ್ಪು ಮಣ್ಣಿನದು ಬೇರೆಯೇ ಅವತಾರ. ಕಡ್ಡಿಗಳು ಉದ್ದಕ್ಕೆ ಬೆಳೆದು ಕುಂಡದ ಅಂಚಿನಿಂದ ಜೋತುಬಿದ್ದವು. ಎಲೆ ಅಗಲ, ಕಡು ಹಸಿರು, ರೋಮ ಹುಡುಕಬೇಕು. ಹೂ ಎಲ್ಲೋ ಒಂದೊಂದು. ಗಿಡಗಳ ಬಗ್ಗೆ ಚೆನ್ನಾಗಿ ತಿಳಿದ ಒಬ್ಬರಿಗೆ ಹೂವಿಲ್ಲದ ಹೊತ್ತಿನಲ್ಲಿ ಎರಡೂ ತೋರಿಸಿದೆ. ಎರಡನೆಯದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ಯಾವುದೋ ಹೊರಗಿಂದು ಇರಬೇಕು" ಅಂದರು. ಅವರನ್ನು ದೂರುವ ಹಾಗಿಲ್ಲ. ಗಿಡ್ಡ, ಮಲಗಿದ, ಬೂದು ರೋಮದ ಗಿಡ ಅಂತ ನಾವೆಲ್ಲ ತಲೆಯಲ್ಲಿ ಇಟ್ಟುಕೊಂಡಿರುವ ಚಿತ್ರದಲ್ಲಿ ಅರ್ಧ ಬಂಡೆಯದ್ದು, ಬಿಸಿಲಿನದ್ದು. ದಟ್ಟ ರೋಮ ಬೆಳಕನ್ನು ಚದುರಿಸುತ್ತದೆ, ಎಲೆಯ ನೀರು ಆರುವುದನ್ನು ತಡೆಯುತ್ತದೆ. ನೆರಳಲ್ಲಿ, ನೀರಿರುವಾಗ ಅಷ್ಟು ರೋಮಕ್ಕೆ ಗಿಡ ಯಾಕೆ ಖರ್ಚು ಮಾಡಬೇಕು?

ಬದಲಾಗದೆ ಉಳಿದದ್ದು ಏನು ಅನ್ನೋದು ಇನ್ನೂ ಮಜಾ. ಎರಡೂ ಕುಂಡದ ಹೂವಿನಲ್ಲಿ ಅದೇ ಎರಡು ಎಳೆ, ನಾಲ್ಕು ತುದಿ. ಅದೇ ಐದು ರೋಮದ ಪಟ್ಟಿ. ಕಾಯಾದಾಗ ತೊಟ್ಟು ಬಾಗುವುದು, ನಾಲ್ಕು ಹೋಳು, ನುಣುಪು ಬೀಜ, ಎಲ್ಲ ಹಾಗೇ. ಗೆಣ್ಣಿನಲ್ಲಿ ಬೇರು ಬಿಡದಿರುವುದೂ ಹಾಗೇ, ಒದ್ದೆ ಮಣ್ಣಿನ ಮೇಲೆ ಮಲಗಿದ್ದರೂ. ರೋಮದ ಲೆಕ್ಕ ಕಮ್ಮಿಯಾಗಿತ್ತು, ರೋಮದ ಆಕಾರ ಅಲ್ಲ. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ರೋಮಕ್ಕೂ ನಡುವೆ ಒಂದು ಕಾಲು, ಎರಡು ಕಡೆಗೆ ಚಾಚಿದ ಎರಡು ತೋಳು. ಇದು ಇವಾಲ್ವುಲಸ್ ಕುಲದಲ್ಲಿ ಕಾಣುವ ಗುಣ. ಕಪ್ಪು ಮಣ್ಣು ಅದನ್ನು ಮುಟ್ಟಲಿಲ್ಲ. ಸಸ್ಯಶಾಸ್ತ್ರದ ಪುಸ್ತಕಗಳು ಯಾಕೆ ಹೂವಿನ ಒಳಗಿನ ಸಣ್ಣಸಣ್ಣ ಭಾಗಗಳನ್ನು ಹಿಡಿದು ಜಗ್ಗುತ್ತವೆ, ನೇರವಾಗಿ ಗಿಡ ಹೇಗಿದೆ ಅಂತ ಯಾಕೆ ಹೇಳುವುದಿಲ್ಲ ಅಂತ ನನಗೆ ಮೊದಲಿಂದಲೂ ಬೇಜಾರಿತ್ತು. ಎರಡು ಕುಂಡ ಪಕ್ಕಪಕ್ಕ ಇಟ್ಟಮೇಲೆ ಆ ಬೇಜಾರು ಹೋಯಿತು.

ಇದೇನು ಹೊಸ ವಿದ್ಯೆಯಲ್ಲ. ಸ್ವೀಡನ್ನಿನ ಯೋಟೆ ಟುರೆಸನ್ ಬೇರೆ ಬೇರೆ ಜಾಗದ ಕಾಡುಗಿಡಗಳನ್ನು ತಂದು ಒಂದೇ ತೋಟದಲ್ಲಿ ಬೆಳೆಸಿ ನೋಡಿದ. ಕೆಲವು ವ್ಯತ್ಯಾಸ ಅಳಿಸಿಹೋದವು, ಕೆಲವು ಹಾಗೇ ಉಳಿದವು. ಉಳಿದವು ಗಿಡದ ವಂಶದಲ್ಲೇ ಇದ್ದ ಗುಣಗಳು. ಹೀಗೆ ಒಂದು ಜಾಗಕ್ಕೆ ಹೊಂದಿಕೊಂಡು ವಂಶದಲ್ಲೇ ಬೇರೆಯಾದ ಗುಂಪುಗಳಿಗೆ ಅವನು 1922ರಲ್ಲಿ ಇಕೋಟೈಪ್ ಅಂತ ಹೆಸರಿಟ್ಟ. ಆಮೇಲೆ ಅಮೆರಿಕದಲ್ಲಿ ಕ್ಲಾಸೆನ್, ಕೆಕ್, ಹೀಸಿ ಅನ್ನುವ ಮೂವರು ಇನ್ನೂ ಮುಂದಕ್ಕೆ ಹೋದರು. ಒಂದು ಗಿಡವನ್ನೇ ತುಂಡು ಮಾಡಿ ಒಂದು ತುಂಡನ್ನು ಸಮುದ್ರ ಮಟ್ಟಕ್ಕೆ ಹತ್ತಿರದ ಸ್ಟ್ಯಾನ್‌ಫರ್ಡ್‌ನಲ್ಲಿ, ಇನ್ನೊಂದನ್ನು ಬೆಟ್ಟದ ನಡು ಎತ್ತರದಲ್ಲಿ, ಮತ್ತೊಂದನ್ನು ಸಿಯೆರಾ ನೆವಾಡಾದಲ್ಲಿ ಸುಮಾರು 3,000 ಮೀಟರ್ ಮೇಲೆ ನೆಟ್ಟರು. ಅದನ್ನು ಅವರು ಪ್ರಕಟಿಸಿದ್ದು 1940ರಲ್ಲಿ. ಅದೇ ಗಿಡದ ತುಂಡುಗಳು ಒಂದೊಂದು ಕಡೆ ಒಂದೊಂದು ಥರ ಬೆಳೆದವು. ಬೇರೆ ಬೇರೆ ಎತ್ತರದಿಂದ ತಂದ ಗಿಡಗಳನ್ನು ಒಂದೇ ತೋಟದಲ್ಲಿ ಇಟ್ಟರೆ ಅವೂ ಪೂರ್ತಿ ಒಂದೇ ಥರ ಆಗಲಿಲ್ಲ. ನೆಲದ ಪಾಲೂ ಇದೆ, ವಂಶದ ಪಾಲೂ ಇದೆ. ಅವರಿಗೆ ಮೂರು ತೋಟ, ನನಗೆ ಒಂದು ತಾರಸಿ ಮತ್ತು ಟ್ಯಾಂಕಿನ ನೆರಳು.

ಟುರೆಸನ್ ಮಾಡಿದ ಥರದ್ದನ್ನೂ ಸಣ್ಣದಾಗಿ ಮಾಡಿ ನೋಡಿದೆ. ಹಿರಿಯೂರು ಕಡೆಯ ಎರೆ ಹೊಲದ ಬದುವಿನಲ್ಲಿ ಕಡ್ಡಿ ಮೇಲಕ್ಕೆ ಎದ್ದು ನಿಂತ ವಿಷ್ಣುಕ್ರಾಂತಿ ಸಿಕ್ಕಿತ್ತು. ಪಕ್ಕದಲ್ಲಿ ಎತ್ತರದ ಹುಲ್ಲಿತ್ತು, ಬೆಳಕಿಗೆ ಎದ್ದಿರಬೇಕು ಅಂದುಕೊಂಡೆ. ಅದರ ಬೀಜವನ್ನು ಗರಸಿನ ಕುಂಡಕ್ಕೆ, ಅದೇ ಬಿಸಿಲಿಗೆ ಹಾಕಿದೆ. ಎಲೆ ಕಿರಿದಾಯಿತು, ರೋಮ ದಟ್ಟವಾಯಿತು, ಆದರೆ ಕಡ್ಡಿ ಮಲಗಲಿಲ್ಲ. ಪಕ್ಕದಲ್ಲಿ ಹುಲ್ಲೇ ಇಲ್ಲದಿದ್ದರೂ ಅರ್ಧ ಎದ್ದೇ ನಿಂತಿದೆ. ಒಂದೆರಡು ಕುಂಡ ನೋಡಿ ದೊಡ್ಡ ಮಾತು ಹೇಳುವ ಹಾಗಿಲ್ಲ, ಆದರೂ ಕುತೂಹಲ ಹುಟ್ಟಿಸುವಷ್ಟು ಇದೆ.

ಈ ಜಾತಿಯನ್ನು ಓದಿದವರಿಗೂ ಇದೇ ಪರದಾಟ. 1934ರಲ್ಲಿ ಡಚ್ ಸಸ್ಯಶಾಸ್ತ್ರಜ್ಞ ವಾನ್ ಊಸ್ಟ್‌ಸ್ಟ್ರೂಮ್ ಇಡೀ ಇವಾಲ್ವುಲಸ್ ಕುಲದ ಮೇಲೆ ದೊಡ್ಡ ಅಧ್ಯಯನ ಪ್ರಕಟಿಸಿದ. ಅದರಲ್ಲಿ ಈ ಒಂದು ಜಾತಿಯನ್ನೇ ಹಲವು ಬಗೆಗಳಾಗಿ ಒಡೆದ. ಎಲೆ ಕಿರಿದಾದದ್ದು ಒಂದು, ಮಲಗಿದ್ದು ಒಂದು, ಎದ್ದದ್ದು ಒಂದು. ಈಗಿನ ಎಷ್ಟೋ ಪಟ್ಟಿಗಳು ಆ ಬಗೆಗಳಲ್ಲಿ ಹೆಚ್ಚಿನವನ್ನು ಮತ್ತೆ ಒಂದೇ ಹೆಸರಿನೊಳಗೆ ತುಂಬಿವೆ. ಒಣಗಿಸಿ ಕಾಗದಕ್ಕೆ ಅಂಟಿಸಿದ ಮಾದರಿಯಲ್ಲಿ ಗಿಡ ಹೇಗಿತ್ತು ಅಂತ ಕಾಣುತ್ತದೆ, ಬೇರೆ ಮಣ್ಣಿಗೆ ಹಾಕಿದ್ದರೆ ಹೇಗಿರುತ್ತಿತ್ತು ಅಂತ ಕಾಣುವುದಿಲ್ಲ. ನನಗೆ ಕೇಳಿದರೆ, ಎಲೆಯ ಅಗಲ ಮತ್ತು ರೋಮ ನೋಡಿ ಹೆಸರು ಕೊಡುವ ಮುಂಚೆ ಎರಡು ಕುಂಡ ಇಡಬೇಕು. ಕಡ್ಡಿ ಎದ್ದಿದೆಯೋ ಮಲಗಿದೆಯೋ ಅನ್ನೋದರ ಬಗ್ಗೆ ಮಾತ್ರ ನಾನು ಇನ್ನೂ ಒಡೆದವರ ಕಡೆಗೂ ಇಲ್ಲ, ಒಂದು ಮಾಡಿದವರ ಕಡೆಗೂ ಇಲ್ಲ.

ನೀವೂ ಈ ಸಲ ಹೂ ನೋಡೋಕೆ ಹೋದರೆ ಹೂವಿನ ಮುಖದ ಜೊತೆ ಅದರ ಬೆನ್ನು, ಬುಡಕ್ಕೆ ಕಡ್ಡಿಗಳು ಸೇರುವ ಜಾಗ, ಬಾಗಿದ ಕಾಯಿ ಇವನ್ನೂ ಫೋಟೋ ತೆಗೆಯಿರಿ. ಗಿಡ ನಿಂತ ನೆಲವನ್ನು ಮರೆಯಬೇಡಿ, ಬಂಡೆಯಾ, ಗರಸಾ, ಎರೆಯಾ, ನೆರಳಿತ್ತಾ ಅಂತ ಒಂದು ಸಾಲು ಬರೆದಿಟ್ಟುಕೊಳ್ಳಿ. ಸಿಗುವ ಫೋಟೋಗಳಲ್ಲಿ ಹೆಚ್ಚಿನವಕ್ಕೆ ಅದೇ ಇರುವುದಿಲ್ಲ, ಗಿಡ ಗಾಳಿಯಲ್ಲಿ ತೇಲುತ್ತಿದೆಯೇನೋ ಅನ್ನಬೇಕು.

ಬೀಜ ಕಳಿಸ್ತೀರಾ ಅಂತ ಕೇಳುವವರಿದ್ದಾರೆ. ಕಳಿಸುವುದಿಲ್ಲ, ಜಿಪುಣತನ ಅಂದುಕೊಳ್ಳಬೇಡಿ. ದಾವಣಗೆರೆಯಲ್ಲಿರಲಿ, ಜಗಳೂರಿನಲ್ಲಿರಲಿ, ನಿಮ್ಮ ಊರಿನ ಬದುವಿನಲ್ಲೇ ಅದು ಇರುತ್ತದೆ, ನಿಮ್ಮ ನೆಲದ್ದನ್ನೇ ಬಿತ್ತಿ. ಸ್ವಲ್ಪ ಕಾಯಿ ಗಿಡದಲ್ಲೇ ಬಿಡಿ. ಉಪ್ಪು ಕಾಗದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ನುಣುಪಿನದು ಕೇಳಿ, ಒರಟಿನದಾದರೆ ಬೀಜವೇ ಪುಡಿಯಾಗುತ್ತದೆ.